ಗಾಡಿ ಹೋದ ಮೇಲೆ ಚಿತ್ರ ತೆಗೆದರೇನು?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ದಿನವೂ ಕಣ್ಣಿಗೆ ಬೀಳುವ ವಸ್ತುವಿಗೆ ನಾವು ಬೆಲೆ ಕೊಡುವುದಿಲ್ಲ. ಅದು ಇಲ್ಲವಾದ ದಿನ ಮರುಗುತ್ತೇವೆ. ಬ್ರಿಟನ್ ಮತ್ತು ಐರ್ಲೆಂಡಿನ ರೈಲುಗಳ ಹಳೆಯ ಛಾಯಾಚಿತ್ರಗಳನ್ನು ನೋಡುವಾಗಲೆಲ್ಲ ನಮಗೆ ಈ ಗಾದೆ ನೆನಪಾಗುತ್ತದೆ.

ಇಂಗ್ಲೆಂಡಿನಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುದಾರಿ 1825ರಲ್ಲಿ ತೆರೆಯಿತು. ಛಾಯಾಚಿತ್ರ ಕಲೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಹೀಗೆ ಇವೆರಡೂ ಹೆಚ್ಚುಕಡಿಮೆ ಓರಗೆಯವು. ಆದರೆ ಅಂದಿನ ಕ್ಯಾಮರಾಕ್ಕೆ ಓಡುವ ಗಾಡಿಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ಆದ್ದರಿಂದಲೇ ಮೊದಮೊದಲ ಚಿತ್ರಗಳಲ್ಲಿ ಎಂಜಿನುಗಳು ಸುಮ್ಮನೆ ನಿಂತಿವೆ.

1963ರಲ್ಲಿ ಡಾ. ಬೀಚಿಂಗ್ ಎಂಬವರು ನಷ್ಟದ ಲೆಕ್ಕ ಹಾಕಿ, ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದು ಬ್ರಿಟನ್ನಿನಲ್ಲಿ ವರದಿ ಕೊಟ್ಟರು. 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆಯ ಮುಖ್ಯ ದಾರಿಗಳಲ್ಲಿ ಉಗಿ ಎಂಜಿನಿನ ಕಾಲ ಮುಗಿಯಿತು. ಆ ಕೊನೆಯ ಗಾಡಿಯನ್ನು ನೋಡಲು ದಾರಿಯುದ್ದಕ್ಕೂ ಜನ ಕ್ಯಾಮರಾ ಹಿಡಿದು ನೆರೆದರು. ಕೊನೆಯ ದಿನ ಜನ ಸೇರುವುದು ಸಹಜವೇ. ಆದರೆ ಯಾರೂ ನೆರೆಯದಿದ್ದ ಸಾಮಾನ್ಯ ದಿನಗಳಲ್ಲಿ ಹಳಿಯ ಪಕ್ಕದಲ್ಲಿ ಕಾದು ನಿಂತವರೇ ನಿಜವಾದ ಉಪಕಾರಿಗಳು ಎಂಬುದು ನಮ್ಮ ಅಭಿಪ್ರಾಯ.

ಅಂಥವರಲ್ಲಿ ಎರಿಕ್ ಟ್ರೇಸಿ ಒಬ್ಬರು. ಅವರು ಕ್ರೈಸ್ತ ಧರ್ಮಗುರುಗಳು. ಮುಂದೆ ವೇಕ್‌ಫೀಲ್ಡಿನ ಬಿಷಪ್ಪರಾದರು. 1930ರ ದಶಕದಿಂದಲೇ ರೈಲುಗಳ ಚಿತ್ರ ತೆಗೆಯುತ್ತಿದ್ದ ಅವರು ಎಂಜಿನ್ ಚಾಲಕರ, ಕಲ್ಲಿದ್ದಲು ತುಂಬುವವರ ಗೆಳೆತನವನ್ನೂ ಗಳಿಸಿದ್ದರು. 1978ರಲ್ಲಿ ಆಪಲ್‌ಬಿ ನಿಲ್ದಾಣದಲ್ಲಿ ಉಗಿಗಾಡಿಗಾಗಿ ಕಾಯುತ್ತಿದ್ದಾಗಲೇ ತೀರಿಕೊಂಡರು. ಅವರ ಚಿತ್ರಗಳು ಇಂದು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿವೆ.

ಐರ್ಲೆಂಡಿನ ಕತೆ ಇನ್ನೂ ಸ್ವಾರಸ್ಯಕರ. ಲಿಸ್ಟೋವೆಲ್ ಮತ್ತು ಬ್ಯಾಲಿಬನಿಯನ್ ಊರುಗಳ ನಡುವೆ 1888ರಿಂದ 1924ರವರೆಗೆ ಒಂದೇ ಹಳಿಯ ಮೇಲೆ ಗಾಡಿ ಓಡುತ್ತಿತ್ತು! ಕತ್ತೆಯ ಬೆನ್ನಿನ ಹೇರಿನಂತೆ ಎಂಜಿನ್ನೂ ಡಬ್ಬಿಗಳೂ ಹಳಿಯ ಎರಡೂ ಬದಿಗೆ ಇಳಿಬಿದ್ದಿದ್ದವು. ಎರಡು ಬದಿಯ ತೂಕ ಸಮನಾಗಿರಬೇಕಿತ್ತು. ಬಾಯಿಮಾತಿನಲ್ಲಿ ಹೇಳಿದರೆ ಯಾರು ನಂಬಿಯಾರು? ಚಿತ್ರಗಳು ಉಳಿದಿವೆ, ಆದ್ದರಿಂದ ನಂಬುತ್ತೇವೆ.

ಕೆಲವರು ಕೇಳಬಹುದು: ಹೊಗೆ ಕಾರುವ ಗಾಡಿಗೆ ಇಷ್ಟು ಮೋಹವೇಕೆ? ಆ ಮಾತಿನಲ್ಲಿ ಸತ್ಯವಿದೆ. ಚಿತ್ರದಲ್ಲಿ ಬಿಳಿಯ ಉಗಿ ಚೆಂದ ಕಾಣುತ್ತದೆ. ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಹಾಕಿದವನ ಬೆನ್ನುನೋವು ಕಾಣುವುದಿಲ್ಲ. ಆದ್ದರಿಂದಲೇ ಬರಿಯ ಚಿತ್ರ ಸಾಲದು ಎನ್ನುತ್ತೇವೆ. ಯಾವ ಊರು, ಯಾವ ದಿನ, ಅಲ್ಲಿ ನಿಂತವರು ಯಾರು, ಅವರ ಕೆಲಸವೇನು ಎಂಬುದನ್ನು ಬರೆದಿಡಬೇಕು. ಬರಹವಿಲ್ಲದ ಚಿತ್ರ ಹೆಸರಿಲ್ಲದ ಸಮಾಧಿಯಂತೆ.

ದೂರದ ದೇಶದ ಈ ಮಾತು ನಮಗೇಕೆ ಎಂದೀರಾ? ನಮ್ಮ ಸೋಲಾಪುರ ಜಿಲ್ಲೆಯ ಬಾರ್ಶಿ ಲೈಟ್ ರೈಲ್ವೆಯನ್ನು ಕಟ್ಟಿಸಿ, 1897ರಲ್ಲಿ ಗಾಡಿ ಓಡಿಸಿದವರು ಎವರರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರು. ಇಲ್ಲಿಯ ಅನುಭವವನ್ನೇ ಅವರು ಇಂಗ್ಲೆಂಡಿಗೆ ಒಯ್ದರು. ಸ್ಟಾಫರ್ಡ್‌ಶೈರಿನಲ್ಲಿ 1904ರಲ್ಲಿ ತೆರೆದ ಲೀಕ್–ಮ್ಯಾನಿಫೋಲ್ಡ್ ರೈಲುದಾರಿಯೂ ಇಲ್ಲಿನಂತೆಯೇ ಎರಡೂವರೆ ಅಡಿ ಅಗಲದ್ದು. ಅದು 1934ರಲ್ಲಿ ಮುಚ್ಚಿತು. ಈಗ ಅಲ್ಲಿ ಕಾಲುದಾರಿಯಿದೆ. ಮೂವತ್ತು ವರ್ಷವಷ್ಟೇ ಬಾಳಿದ ಆ ಪುಟ್ಟ ಗಾಡಿಯ ಚಿತ್ರಗಳನ್ನು ಅಲ್ಲಿಯವರು ಜೋಪಾನ ಮಾಡಿ ಪುಸ್ತಕಗಳಲ್ಲಿ ಅಚ್ಚು ಹಾಕಿಸಿದ್ದಾರೆ.

ನಮ್ಮ ಗಾಡಿಯಾದರೋ ಎಷ್ಟೋ ಹೆಚ್ಚು ಕಾಲ ಓಡಿತು. ನಮ್ಮ ಹಿರಿಯರು ವಿಠೋಬನ ದರ್ಶನಕ್ಕೆ ಪಂಢರಪುರಕ್ಕೆ ಹೋದದ್ದು ಅದರಲ್ಲಿಯೇ. ಈಗ ಆ ಹಳಿ ಹೋಗಿ ಬ್ರಾಡ್‌ಗೇಜ್ ಬಂದಿದೆ. ಅದರಿಂದ ಅನುಕೂಲವೇ ಆಗಿದೆ, ದೂರಲಾರೆವು. ಆದರೆ ಈ ವರ್ಷ ತರಗತಿಯಲ್ಲಿ, ‘ಆ ಸಣ್ಣ ಗಾಡಿಯ ಚಿತ್ರ ಯಾರ ಮನೆಯಲ್ಲಿದೆ?’ ಎಂದು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಅಂದು ನಮಗೂ ನಾಚಿಕೆಯಾಯಿತು. ನಾವೂ ಅದರಲ್ಲಿ ಓಡಾಡಿದವರೇ. ನಮ್ಮ ಬಳಿಯೂ ಒಂದು ಚಿತ್ರವಿಲ್ಲ.

ವಿದ್ಯಾರ್ಥಿ ಮಿತ್ರರೇ, ಇಂದು ಮನೆಮನೆಯಲ್ಲಿ ಮೊಬೈಲ್ ಇದೆ. ಹಳಿಯ ಮೇಲೆ ಕಾಲಿಡದೆ, ದೂರ ನಿಂತು ನಿಮ್ಮೂರ ನಿಲ್ದಾಣದ, ಅಲ್ಲಿ ದುಡಿಯುವವರನ್ನು ಕೇಳಿ ಅವರ ಚಿತ್ರ ತೆಗೆಯಿರಿ. ಅಜ್ಜ–ಅಜ್ಜಿಯರನ್ನು ಕೂಡಿಸಿಕೊಂಡು ಆ ಸಣ್ಣ ಗಾಡಿಯ ನೆನಪುಗಳನ್ನು ಅವರಾಡುವ ಕನ್ನಡದಲ್ಲಿಯೇ ಬರೆದುಕೊಳ್ಳಿರಿ. ಪಾಲಕರು ಟ್ರಂಕಿನ ತಳದಲ್ಲಿ ಹಳೆಯ ಚಿತ್ರವಿದ್ದರೆ ಹುಡುಕಿ, ಅದರ ಹಿಂದೆ ಹೆಸರು–ಇಸವಿ ಬರೆಯಿಸಬೇಕೆಂದು ವಿನಂತಿ.

ಗಾಡಿ ಯಾರಿಗೂ ಕಾಯುವುದಿಲ್ಲ. ಅದನ್ನು ಕಂಡವರೂ ಬಹುಕಾಲ ಇರುವುದಿಲ್ಲ.