ರಸಾಯನದ ಮೂಲೆ: ನಳಿಗೆಗೆ ಮೆತ್ತುವ ಸೀಸ

ಹಿತ್ತಾಳೆಯ ದೀಪಕ್ಕೆ ಹುಣಿಸೆಹುಳಿ ಹಚ್ಚುವುದೇಕೆ ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದನ್ನು ಓದಿ ನಮ್ಮ ಸದಸ್ಯರೊಬ್ಬರು ಫೋನು ಮಾಡಿದರು. "ಹುಳಿಗೆ ಕಿಲುಬು ಕರಗುವುದಾದರೆ ವಿನಿಗರಿಗೆ ಸೀಸವೂ ಕರಗಬೇಕಲ್ಲ ಸಾರ್?" ಎಂಬುದು ಅವರ ಪ್ರಶ್ನೆ. ಶನಿವಾರ ರೇಂಜಿಗೆ ಹೋಗಿ ರಿವಾಲ್ವರಿನಿಂದ ಗುರಿ ಹೊಡೆಯುವುದು ಅವರ ಹವ್ಯಾಸ. ಅಂಗಡಿಯ ತೋಟಾ ದುಬಾರಿಯೆಂದು ಗರಾಜಿನಲ್ಲೇ ಸೀಸ ಕರಗಿಸಿ, ಅಚ್ಚಿನಲ್ಲಿ ಗುಂಡು ಎರೆದು, ಖಾಲಿ ಹಿತ್ತಾಳೆ ಕೋಶಗಳಿಗೆ ಹೊಸ ಕೇಪು, ಮದ್ದು, ಗುಂಡು ಕೂಡಿಸುತ್ತಾರೆ. ಈಗ ನಳಿಗೆಯೊಳಗೆ ಸೀಸ ಮೆತ್ತಿಕೊಂಡು ಗುರಿ ಚದರುತ್ತಿದೆಯಂತೆ. ರೇಂಜಿನ ಗೆಳೆಯರು ಎರಡು ಸಲಹೆ ಕೊಟ್ಟಿದ್ದಾರೆ: ಗುಂಡಿನ ಲೋಹವನ್ನು ಇನ್ನಷ್ಟು ಗಟ್ಟಿ ಮಾಡು, ಮೆತ್ತಿದ್ದನ್ನು ವಿನಿಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಕರಗಿಸು.

ಮೊದಲನೆಯದು ಸಾಮಾನ್ಯವಾಗಿ ತಪ್ಪು, ಎರಡನೆಯದು ಅಪಾಯ. ಕೋವಿಗೂ ನಮಗೂ ಏನು ಸಂಬಂಧವೆಂದು ಪುಟ ತಿರುವಬೇಡಿ. ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ಮಾಡುವ ಕೊಡಗಿನ ಮನೆತನದವರು ನಮ್ಮಲ್ಲಿದ್ದಾರೆ. ಕೋವಿಯನ್ನು ಮುಟ್ಟದವರ ಮನೆಗೂ ಈ ಸೀಸ ಹೇಗೆ ಬರಬಹುದೆಂಬುದನ್ನು ಮುಂದೆ ಹೇಳುತ್ತೇನೆ.

ಸೀಸ ಮೆತ್ತುವುದೇಕೆ? ಗುಂಡು ಮೆದುವಾದ್ದರಿಂದ ಉಜ್ಜಿ ಸವೆಯುತ್ತದೆ ಎಂಬುದು ಎಲ್ಲರೂ ಥಟ್ಟನೆ ಕೊಡುವ ಉತ್ತರ. ಆದರೆ ಮುಖ್ಯ ಕಾರಣ ಉಜ್ಜಾಟವಲ್ಲ, ಸೋರಿಕೆ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಅದು ಅಳತೆಗೆ ಚಿಕ್ಕದಾದರೆ ಉಗಿ ಪಕ್ಕದಿಂದ ನುಗ್ಗುತ್ತದೆ. ಹಳೆಯದಾಗಿ ಗಡುಸಾದರೂ ನುಗ್ಗುತ್ತದೆ. ನಳಿಗೆಯಲ್ಲಿ ಗುಂಡೇ ಗ್ಯಾಸ್ಕೆಟ್. ಅದು ಸಡಿಲವಿದ್ದರೆ ಉರಿಯುವ ಮದ್ದಿನ ಅನಿಲ ಪಕ್ಕದ ಸಂದಿನಲ್ಲಿ ನುಗ್ಗಿ, ಗುಂಡಿನ ಬುಡದ ಅಂಚನ್ನು ಕೊರೆದು, ಆ ಸೀಸವನ್ನು ಮುಂದಕ್ಕೆ ಸಿಡಿಸುತ್ತದೆ. ಹಿಂದೆ ಬರುವ ಗುಂಡುಗಳು ಅದರ ಮೇಲೆ ಇಸ್ತ್ರಿ ಹಾಕಿದಂತೆ ಒತ್ತಿ ಹೋಗುತ್ತವೆ.

ಆದ್ದರಿಂದ ಲೋಹಕ್ಕಿಂತ ಮೊದಲು ಅಳತೆ. ಮೊದಲು ರಿವಾಲ್ವರ್ ಖಾಲಿಯಿದೆಯೆಂದು ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಆಮೇಲೆ ಎಣ್ಣೆ ಸವರಿದ ಶುದ್ಧ ಸೀಸದ ತುಂಡೊಂದನ್ನು ನಳಿಗೆಯೊಳಗೆ ಹಾಯಿಸಿ ಮೈಕ್ರೋಮೀಟರಿನಲ್ಲಿ ಅಳೆಯಬೇಕು. ತುಂಡಿನ ಮೇಲೆ ಎದ್ದು ನಿಂತ ಏಣುಗಳ ನಡುವಣ ಅಳತೆಯೇ ನಳಿಗೆಯ ತೋಡಿನ ವ್ಯಾಸ. (ಐದು ತೋಡಿನ ನಳಿಗೆಯಾದರೆ ಏಣು ಏಣಿಗೆ ಎದುರಾಗಿ ಬರುವುದಿಲ್ಲ, ಸಾಧಾರಣ ಮೈಕ್ರೋಮೀಟರ್ ಕೆಲಸಕ್ಕೆ ಬಾರದು.) ಗುಂಡು ಇದಕ್ಕಿಂತ ಅಂಗುಲದ ಸಾವಿರದಲ್ಲೊಂದು ಅಥವಾ ಎರಡು ಅಂಶ ದಪ್ಪವಿರಬೇಕು. .38 ಸ್ಪೆಷಲ್‌ಗೆ ತಾಮ್ರದ ಕವಚವಿರುವ ಗುಂಡು ಸಾಮಾನ್ಯವಾಗಿ 0.357 ಅಂಗುಲ, ಬರಿಯ ಸೀಸದ್ದು 0.358 ಇರುವುದು ಈ ಕಾರಣಕ್ಕೇ.

ರಿವಾಲ್ವರಿನಲ್ಲಿ ಇನ್ನೊಂದು ತೊಡಕಿದೆ. ಗುಂಡು ನಳಿಗೆಗೆ ಬರುವ ಮೊದಲು ಸಿಲಿಂಡರಿನ ಕಂಠವನ್ನು ದಾಟಬೇಕು. ಕಂಠ 0.356 ಇದ್ದು ನಳಿಗೆಯ ತೋಡು 0.357 ಇದ್ದರೆ, ನೀವು ಎಷ್ಟೇ ದಪ್ಪ ಎರೆದರೂ ಗುಂಡು ಕಂಠದಲ್ಲೇ ಹಿಸುಕಿ ತೆಳ್ಳಗಾಗಿ ನಳಿಗೆಯಲ್ಲಿ ಸಡಿಲವಾಗುತ್ತದೆ. ಇದಕ್ಕೆ ಮದ್ದು ಬದಲಿಸಿ ಫಲವಿಲ್ಲ. ಕಂಠಗಳನ್ನು ಗನ್‌ಸ್ಮಿತ್ ಬಳಿ ಸರಿಮಾಡಿಸಬೇಕು. 9 ಮಿ.ಮೀ. ಪಿಸ್ತೂಲಿನವರು ಬೇರೆ ಕಡೆ ನೋಡಬೇಕು: ಗುಂಡನ್ನು ಕೋಶಕ್ಕೆ ಕೂರಿಸುವಾಗ ಗಡುಸಾದ ಹಿತ್ತಾಳೆಯೇ ಮೆದು ಸೀಸವನ್ನು ಒತ್ತಿ ಸಣ್ಣದು ಮಾಡುವುದುಂಟು. ಕೂರಿಸಿದ ಒಂದು ಗುಂಡನ್ನು ಮತ್ತೆ ಕಿತ್ತು ಅಳೆದರೆ ಗುಟ್ಟು ರಟ್ಟಾಗುತ್ತದೆ.

ಈಗ ಗಟ್ಟಿತನದ ಮಾತು. ಬ್ರಿನೆಲ್ ಅಳತೆಯಲ್ಲಿ ಶುದ್ಧ ಸೀಸ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸಿದರೆ ಸುಮಾರು 10. ಮುದ್ರಣಾಲಯಗಳ ಲೈನೋಟೈಪ್ ಲೋಹ, ಅಂದರೆ 84 ಪಾಲು ಸೀಸ, 12 ಆಂಟಿಮನಿ, 4 ತವರ, ಸುಮಾರು 22. (ಕನ್ನಡದ ಅಚ್ಚುಮೊಳೆಗಳೂ ಇದೇ ಮೂರು ಲೋಹಗಳ ಕೂಟವೇ.) ಬ್ರಿನೆಲ್ ಅಂಕಿಯನ್ನು 1,422ರಿಂದ ಗುಣಿಸಿದರೆ ಆ ಲೋಹ ಒತ್ತಡಕ್ಕೆ ಮಣಿದು ಹರಡಿಕೊಂಡು ಸಂದು ಮುಚ್ಚಲು ಬೇಕಾದ ಒತ್ತಡ, ಚದರ ಅಂಗುಲಕ್ಕೆ ಪೌಂಡುಗಳಲ್ಲಿ, ಹೆಚ್ಚುಕಡಿಮೆ ಸಿಗುತ್ತದೆ. ಲೈನೋಟೈಪಿಗೆ ಇದು 31,000ದ ಮೇಲೆ. ಆದರೆ .38 ಸ್ಪೆಷಲ್‌ಗೆ ಅನುಮತಿಸಿರುವ ಗರಿಷ್ಠ ಒತ್ತಡವೇ 17,000! ಅಂದಮೇಲೆ ಈ ಗುಂಡು ಅಲ್ಲಿ ಹರಡಿಕೊಳ್ಳುವುದೇ ಇಲ್ಲ, ಗಡುಸಾದ ಗ್ಯಾಸ್ಕೆಟ್ಟಿನಂತೆ ಸಂದು ಬಿಟ್ಟುಕೊಂಡೇ ಹೋಗುತ್ತದೆ. ಹತ್ತರ ಆಸುಪಾಸಿನ ಮೆದು ಲೋಹವೇ ಅದಕ್ಕೆ ಲೇಸು. 35,000ದವರೆಗೆ ಹೋಗುವ .357 ಮ್ಯಾಗ್ನಮ್ ಮಾತು ಬೇರೆ. ಅಲ್ಲಿ ಗಟ್ಟಿತನ ಬೇಕು, ಇಲ್ಲವೇ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲು ಬೇಕು.

ಸೀಸ ಮೆತ್ತಿದ ಜಾಗವೇ ರೋಗದ ಹೆಸರು ಹೇಳುತ್ತದೆ. ನಳಿಗೆಯ ಬುಡದಲ್ಲಿದ್ದರೆ ಅಳತೆ ತಪ್ಪಿದೆ. ತುದಿಯಲ್ಲಿದ್ದರೆ ಜಿಡ್ಡು ಅಲ್ಲಿಯವರೆಗೆ ಸಾಲಲಿಲ್ಲ. ಜಿಡ್ಡಿಗೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಹಳೆಯ ಸೂತ್ರ, ಅರ್ಧ ಜೇನುಮೇಣ ಅರ್ಧ ಆಲಾಕ್ಸ್, ಇಂದಿಗೂ ಸಾಕು. ಈಚೆಗೆ ಹಲವರು ಗುಂಡಿಗೆ ಪಾಲಿಯೆಸ್ಟರ್ ಪುಡಿಯ ಲೇಪ ಕೊಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೇಯಿಸುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಅದಕ್ಕೆ ಬಳಸಿದ ಒಲೆಯಲ್ಲಿ ಮತ್ತೆಂದೂ ಅಡಿಗೆ ಮಾಡಬೇಡಿ. ಲೇಪದಿಂದ ಗುಂಡು ತುಸು ದಪ್ಪವಾಗುವುದರಿಂದ ಮತ್ತೆ ಅಳೆಯುವುದೂ ತಪ್ಪದು.

ಇನ್ನು ವಿನಿಗರ್ ವಿಷಯ. ಸೀಸ ಕರಗುತ್ತದೆ, ಖಂಡಿತ. ಪೆರಾಕ್ಸೈಡ್ ಸೀಸವನ್ನು ಆಕ್ಸಿಡೀಕರಿಸುತ್ತದೆ, ಅಸಿಟಿಕ್ ಆಮ್ಲ ಅದನ್ನು ಹಿಡಿದು ಸೀಸದ ಅಸಿಟೇಟ್ ಮಾಡುತ್ತದೆ. ಇದಕ್ಕೆ ಹಿಂದಿನವರು ಸೀಸದ ಸಕ್ಕರೆ ಎನ್ನುತ್ತಿದ್ದರು, ರುಚಿ ಸಿಹಿಯಾದ್ದರಿಂದ. ನಳಿಗೆಯ ಒಳಗೆ ಗಟ್ಟಿಯಾಗಿ ಕುಳಿತಿದ್ದ ಲೋಹವನ್ನು ನೀರಿನಲ್ಲಿ ಬೆರೆಯುವ, ದೇಹ ಸುಲಭವಾಗಿ ಹೀರಿಕೊಳ್ಳುವ ವಿಷವನ್ನಾಗಿ ಮಾಡಿ ಬಟ್ಟಲಿಗೆ ಸುರಿದಂತಾಯಿತು. ಆ ನೀರು ಸಿಂಕಿಗೂ ಹೋಗಬಾರದು, ಅಂಗಳಕ್ಕೂ ಹೋಗಬಾರದು. ಜೊತೆಗೆ ಉಕ್ಕಿನ ಮೈಯನ್ನೂ ಅದು ತಿನ್ನುತ್ತದೆ. ಹಳೆಯ ಬ್ರಷ್ಷಿಗೆ ಅಪ್ಪಟ ತಾಮ್ರದ ಎಳೆಗಳನ್ನು ಸುತ್ತಿ, ಎಣ್ಣೆ ಹಾಕಿ ತಿಕ್ಕಿದರೆ ಸೀಸ ಚಕ್ಕೆಯಾಗಿ ಬರುತ್ತದೆ. ಕವಚದ ಗುಂಡನ್ನು ಹೊಡೆದು ಸೀಸ ಕಳೆಯಬಹುದೆಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಕಿರಿದಾದ ನಳಿಗೆಯಲ್ಲಿ ಒತ್ತಡ ಏರುತ್ತದೆ.

ಇನ್ನು ಮನೆಯ ಮಾತು. ಎರಕದ ಶಾಖವನ್ನು 370ರಿಂದ 400 ಡಿಗ್ರಿಯಲ್ಲಿಟ್ಟರೆ ಸೀಸದ ಆವಿ ಅತ್ಯಲ್ಪ. ಹೆದರಬೇಕಾದದ್ದು ಪುಡಿಗೆ: ಕರಗಿದ ಸೀಸದ ಮೇಲೆ ಕಟ್ಟುವ ಬೂದು ಕೆನೆ, ಹೊಡೆದ ಕೋಶಗಳನ್ನು ಒಣಗಿಯೇ ಉಜ್ಜುವ ಯಂತ್ರದ ದೂಳು. ಹೆಚ್ಚಿನ ಕೇಪುಗಳಲ್ಲಿ ಸೀಸದ ಸ್ಟಿಫ್ನೇಟ್ ಇರುವುದರಿಂದ ಆ ದೂಳಿನಲ್ಲೂ ಸೀಸ. ಅದು ಅಂಗೈಯಲ್ಲಿ, ಶರ್ಟಿನ ತೋಳಿನಲ್ಲಿ, ಕಾರಿನ ಸೀಟಿನಲ್ಲಿ ಕುಳಿತು ಮನೆ ಸೇರುತ್ತದೆ. ರೇಂಜಿನಿಂದ ಬಂದವರ ಪಕ್ಕದಲ್ಲಿ ಕುಳಿತವರಿಗೂ ಅಂಟೀತು. ಚಮಚದಲ್ಲಿ ತಿನ್ನುವ ನೆರೆಯವರಿಗಿಂತ ನಮಗೆ ಇದರ ಭಯ ಹೆಚ್ಚು, ಏಕೆಂದರೆ ನಾವು ಅನ್ನವನ್ನು ಕೈಯಲ್ಲಿ ಕಲಸಿ ಉಣ್ಣುವವರು, ಮಗುವಿಗೂ ಅದೇ ಕೈಯಿಂದ ತುತ್ತು ಇಡುವವರು. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದ್ದರೆ ಕ್ಷೇಮವೆಂಬ ಅಂಕಿಯೇ ಇಲ್ಲ. ಅಮೆರಿಕದ ಸಿ.ಡಿ.ಸಿ. 2021ರಲ್ಲಿ, ಗಮನಿಸಬೇಕಾದ ಮಟ್ಟವನ್ನು ಡೆಸಿಲೀಟರಿಗೆ 5 ಮೈಕ್ರೋಗ್ರಾಮಿನಿಂದ 3.5ಕ್ಕೆ ಇಳಿಸಿತು.

ಆದ್ದರಿಂದ ಎರಕದ ಬಟ್ಟೆ ಗರಾಜಿನಲ್ಲೇ ಉಳಿಯಲಿ, ಬೇರೆಯಾಗಿಯೇ ಒಗೆಯಲಿ. ನೆಲವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಒಳಗೆ ಬರುವ ಮೊದಲು ಕೈ ಮುಖ ತೊಳೆಯಿರಿ. ಆಂಟಿದ ಪುಡಿ, ಒರೆಸಿದ ಬಟ್ಟೆ ಎಲ್ಲವನ್ನೂ ಡಬ್ಬದಲ್ಲಿ ಮುಚ್ಚಿಟ್ಟು ಊರಿನ ಅಪಾಯಕಾರಿ ಕಸದ ಕೇಂದ್ರಕ್ಕೆ ಒಪ್ಪಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ರಕ್ತದ ಸೀಸ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಿ. ಎರೆಯುವವರೂ ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಲಿ.

ತವರ, ಸೀಸದ ಮಾತು ಬಂದದ್ದರಿಂದ ಮುಂದಿನ ಸಂಚಿಕೆಯಲ್ಲಿ ಊರಿನಿಂದ ತಂದ ಕಲಾಯಿ ಪಾತ್ರೆಗಳನ್ನು ನೋಡೋಣ. ಕಲಾಯಿಯ ತವರದಲ್ಲಿ ಸೀಸ ಬೆರೆತಿರುವುದುಂಟು.