ಹಂದಿಗಳ ಶ್ವಾಸರೋಗವೂ ಔಷಧಪರೀಕ್ಷೆಯೂ

ಹೊಸಹಳ್ಳಿಯಂತಹ ಊರುಗಳಲ್ಲಿ ಹಂದಿ ಸಾಕುವವರು ಬಹುಮಟ್ಟಿಗೆ ಬಡವರು. ಹಂದಿಗೆ ಕೆಮ್ಮು, ಜ್ವರ, ಏದುಸಿರು ತೋರಿದೊಡನೆ ಅಂಗಡಿಯಲ್ಲಿ ಸಿಕ್ಕಿದ ಸೂಜಿಮದ್ದನ್ನು ಚುಚ್ಚಿಸುವುದೂ, ಅದು ತುಸು ಚೇತರಿಸಿದೊಡನೆ ಮದ್ದನ್ನು ಅರ್ಧಕ್ಕೆ ನಿಲ್ಲಿಸುವುದೂ ಕಂಡುಬರುವ ವಾಡಿಕೆ. ಈ ವಾಡಿಕೆಯು ತೊಲಗತಕ್ಕದ್ದು. ತೊಲಗಿಸುವ ಹೊಣೆಯು ಊರ ಹಿರಿಯರದೂ ಜಮೀನುದಾರರದೂ ಆಗಿರುತ್ತದೆ.

ಕೆಮ್ಮು ಒಂದೇ ಆದರೂ ಕಾರಣಗಳು ಹಲವು. ಪಾಸ್ಚುರೆಲ್ಲಾ, ಆಕ್ಟಿನೊಬ್ಯಾಸಿಲಸ್, ಮೈಕೊಪ್ಲಾಸ್ಮಾ ಎಂಬ ಕ್ರಿಮಿಗಳು ಶ್ವಾಸಕೋಶವನ್ನು ಕೆಡಿಸುವುವು. ಪೆನಿಸಿಲಿನ್ ಕ್ರಿಮಿಯ ಹೊರಗೋಡೆಯನ್ನು ಕೆಡಿಸಿ ಕೊಲ್ಲುವ ಔಷಧ. ಮೈಕೊಪ್ಲಾಸ್ಮಾಕ್ಕೆ ಅಂತಹ ಗೋಡೆಯೇ ಇಲ್ಲವಾದುದರಿಂದ ಅಲ್ಲಿ ಅದು ನಿಷ್ಫಲ. 2020ರಲ್ಲಿ ನಮ್ಮ ದೇಶದಲ್ಲಿ ಮೊದಲಬಾರಿಗೆ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರವಾದರೋ ವೈರಸ್ಸಿನಿಂದ ಬರುವಂಥದು; ಯಾವ ಆಂಟಿಬಯೋಟಿಕ್ಕೂ ಅದನ್ನು ತಡೆಯಲಾರದು.

ಪಾಸ್ಚುರೆಲ್ಲಾದಂತಹ ಕ್ರಿಮಿಗೆ ತಕ್ಕ ಔಷಧವನ್ನು ತಿಳಿಯುವ ಕ್ರಮವು ಸರಳವಾದುದು. ರೋಗಿಷ್ಠ ಹಂದಿಯಿಂದ ದೊರೆತ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಯಿಸಿ, ಬೇರೆಬೇರೆ ಔಷಧಗಳುಳ್ಳ ಕಾಗದದ ಬಿಲ್ಲೆಗಳನ್ನು ಇಡುವರು. ಯಾವ ಬಿಲ್ಲೆಯ ಸುತ್ತಲೂ ಕ್ರಿಮಿಯು ಬೆಳೆಯದೆ ನಿಗದಿಯಾದ ಅಳತೆಯ ಬಯಲು ಉಳಿಯುವುದೋ ಆ ಔಷಧಕ್ಕೆ ಕ್ರಿಮಿಯು ಮಣಿಯುವುದೆಂದು ತಿಳಿಯತಕ್ಕದ್ದು. ಪಶುರೋಗ ಪತ್ತೆಯ ಕಾರ್ಯಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಿದೆ.

ಫಲಿತಾಂಶ ಬರಲು ಕೆಲವು ದಿನಗಳಾಗುವುವು, ಅಷ್ಟರಲ್ಲಿ ಹಂದಿ ಸಾಯುವುದೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ನ್ಯಾಯವಾದುದೇ. ಆದರೆ ಕಾಯಬೇಕೆಂದು ಯಾರೂ ಹೇಳುವುದಿಲ್ಲ. ಮದ್ದು ಕೊಡುವುದಕ್ಕೆ ಮೊದಲು ಪಶುವೈದ್ಯರಿಂದ ಮಾದರಿಯನ್ನು ತೆಗೆಯಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳುಹಿಸಿದರಾಯಿತು. ಚಿಕಿತ್ಸೆಯು ಆ ದಿನವೇ ಆರಂಭವಾಗಬಹುದು. ಫಲಿತಾಂಶವು ಬಂದಮೇಲೆ ಅಗತ್ಯವಿದ್ದರೆ ಔಷಧವನ್ನು ಬದಲಿಸುವರು. ಮುಂದೆ ಅದೇ ಮಂದೆಯಲ್ಲಿ ರೋಗ ಬಂದಾಗಲೂ ಆ ತಿಳಿವಳಿಕೆಯು ಉಪಯೋಗಕ್ಕೆ ಬರುವುದು.

ಹಂದಿಯ ರೋಗ ತಮಗೇಕೆಂದು ದನವುಳ್ಳವರು ಭಾವಿಸಲಾಗದು. ದನ ಎಮ್ಮೆಗಳಿಗೆ ಗಳಲೆ ಬೇನೆಯನ್ನು ತರುವುದೂ ಪಾಸ್ಚುರೆಲ್ಲಾ ಜಾತಿಯ ಕ್ರಿಮಿಯೇ. ಔಷಧಕ್ಕೆ ಮಣಿಯದ ಗುಣವು ಒಂದು ಕ್ರಿಮಿಯಿಂದ ಮತ್ತೊಂದಕ್ಕೆ ದಾಟಬಲ್ಲುದು. ಮನುಷ್ಯರಿಗೂ ಇದರಿಂದ ಅಪಾಯವುಂಟು. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗರು 1945ರಲ್ಲಿಯೇ, ಸಾಲದ ಪ್ರಮಾಣದ ಮದ್ದು ಕ್ರಿಮಿಯನ್ನು ಬಲಪಡಿಸುವುದೆಂದು ಎಚ್ಚರಿಸಿದ್ದರು. ಮನುಷ್ಯರ ಪಾಲಿಗೆ ಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡದಂತೆ ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿದ್ದೂ ಈ ಭಯದಿಂದಲೇ.

ಆದುದರಿಂದ ಪ್ರತಿಯೊಂದು ಗ್ರಾಮದಲ್ಲಿಯೂ ಮಾದರಿ ಸಾಗಿಸಲು ಒಂದು ಮಂಜುಗಡ್ಡೆಯ ಪೆಟ್ಟಿಗೆಯನ್ನು ಇರಿಸತಕ್ಕದ್ದು. ಅದರ ವೆಚ್ಚವನ್ನು ಉಳ್ಳವರು ವಹಿಸಿಕೊಂಡರೆ ಬಡವನ ಹಂದಿಯೊಡನೆ ಅವರ ಕೊಟ್ಟಿಗೆಗೂ ರಕ್ಷಣೆ ದೊರೆಯುವುದು.