ಎಣ್ಣಿ, ಔಷಧಿ ಮತ್ತು ನಮ್ಮ ಫಿಶ್ ಟ್ಯಾಂಕ್

ನಮ್ಮ ಅಫಜಲಪುರ ಕಡೆ ಕೀಟನಾಶಕಕ್ಕೆ ಯಾರೂ ಕೀಟನಾಶಕ ಅನ್ನಲ್ಲ, ‘ಎಣ್ಣಿ’ ಅಂತಾರೆ. ತೊಗರಿಗೆ ಎಣ್ಣಿ ಹೊಡಿಬೇಕು, ಹತ್ತಿಗೆ ಎಣ್ಣಿ ಹೊಡಿಬೇಕು. ಅಂಗಡಿಗೆ ಹೋದರೆ ಅದೇ ‘ಔಷಧಿ’. ಹಾಸ್ಟೆಲ್‌ಗೆ ಬಂದರೆ ಅದೇ ‘ಪೆಸ್ಟ್ ಕಂಟ್ರೋಲ್’. ಮೂರು ಹೆಸರಲ್ಲಿ ಒಂದರಲ್ಲೂ ವಿಷ ಅನ್ನೋ ಪದ ಇಲ್ಲ. ಹೆಸರು ಮೆತ್ತಗಿದ್ದಷ್ಟೂ ನಮ್ಮ ಎಚ್ಚರ ಕಡಿಮೆ ಆಗುತ್ತೆ. ಹಾಗೆ ಎಚ್ಚರ ತಪ್ಪಿದಾಗ ಮೊದಲು ಸಾಯೋದು ಮೀನು.

ಹಾಸ್ಟೆಲ್‌ಗಳಲ್ಲಿ ಫಿಶ್ ಟ್ಯಾಂಕ್ ಇಡೋರು ಈಗ ಜಾಸ್ತಿ. ಕೆಲವರ ಹತ್ತಿರ ಗಾಜಿನ ಬೌಲ್‌ನಲ್ಲಿ ಒಂದು ಫೈಟರ್, ಕೆಲವರ ಹತ್ತಿರ ನಾಲ್ಕಾರು ಗಪ್ಪಿ. ಜಿರಳೆಗೆ ಸ್ಪ್ರೇ ಹೊಡೆಯೋ ಮುಂಚೆ ನಮಗೆ ಬರೋ ನೋಟಿಸ್ ಇಷ್ಟೇ: ಬಟ್ಟೆ, ಊಟ ಮುಚ್ಚಿಡಿ, ಎರಡು ಗಂಟೆ ಹೊರಗಿರಿ. ಯಾವ ರಾಸಾಯನಿಕ ಅಂತ ಇರಲ್ಲ, ಮೀನಿನ ಮಾತಂತೂ ಇಲ್ಲವೇ ಇಲ್ಲ. ಕಳೆದ ಸಲ ಪಕ್ಕದ ರೂಮಿನ ಗಪ್ಪಿಗಳೆಲ್ಲ ಮರುದಿನ ಬೆಳಿಗ್ಗೆ ತೇಲುತ್ತಿದ್ದವು. ‘ನೀರು ಚೇಂಜ್ ಮಾಡಿರಲ್ಲ ಬಿಡು’ ಅಂದರು ಎಲ್ಲರೂ.

ಇದಕ್ಕೆ ಸ್ವಲ್ಪ ಸೈನ್ಸ್ ಬೇಕು. ಸೊಳ್ಳೆ, ಜಿರಳೆ ಸ್ಪ್ರೇಗಳಲ್ಲಿ, ಲಿಕ್ವಿಡ್ ಮಷಿನ್‌ಗಳಲ್ಲಿ, ಹೊಲದ ಎಷ್ಟೋ ಎಣ್ಣಿಗಳಲ್ಲಿ ಇರೋದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕ: ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಟ್ರಾನ್ಸ್‌ಫ್ಲುಥ್ರಿನ್ ಹೀಗೆ. ಇವು ನರಗಳ ಸೋಡಿಯಂ ಚಾನೆಲ್ ಮುಚ್ಚದ ಹಾಗೆ ಮಾಡುತ್ತವೆ. ನಮ್ಮ ದೇಹ ಇವನ್ನು ಬೇಗ ಒಡೆದು ಹೊರಗೆ ಹಾಕುತ್ತೆ. ಮೀನಿಗೆ ಆ ಶಕ್ತಿ ತುಂಬಾ ಕಡಿಮೆ, ಮೇಲಾಗಿ ಕಿವಿರುಗಳು ವಿಷವನ್ನು ನೀರಿನಿಂದ ನೇರವಾಗಿ ಹೀರಿಕೊಳ್ಳುತ್ತವೆ. ಲೀಟರ್ ನೀರಿಗೆ ಒಂದೆರಡು ಮೈಕ್ರೋಗ್ರಾಂ ಸೈಪರ್‌ಮೆಥ್ರಿನ್ ಸಾಕು, ಎಷ್ಟೋ ಜಾತಿಯ ಮೀನು ಸಾಯುತ್ತವೆ.

ನಾವು ಎಂಜಿನಿಯರಿಂಗ್‌ನವರು, ಲೆಕ್ಕ ಹಾಕೋಣ. ಶೇ 10ರ ಸೈಪರ್‌ಮೆಥ್ರಿನ್‌ನ ಒಂದು ಹನಿಯಲ್ಲಿ ಸುಮಾರು 5 ಮಿಲಿಗ್ರಾಂ ವಿಷ ಇರುತ್ತೆ. ಲೀಟರ್‌ಗೆ 2 ಮೈಕ್ರೋಗ್ರಾಂ ಅಂತ ಹಿಡಿದರೆ ಆ ಒಂದೇ ಹನಿ 2,500 ಲೀಟರ್ ನೀರಿಗೆ ಸಾಕು. ಅಂದ್ರೆ ಟೆರೇಸ್ ಮೇಲಿನ ಸಾವಿರ ಲೀಟರ್‌ನ ಎರಡೂವರೆ ಟ್ಯಾಂಕ್. ನಿಮ್ಮ ಅಕ್ವೇರಿಯಂ 40 ಲೀಟರ್. ಇನ್ನೊಂದು ವಿಷಯ: ಏರ್ ಪಂಪ್ ಗಾಳಿ ಎಳೆಯೋದು ರೂಮಿನಿಂದಲೇ. ಟ್ಯಾಂಕ್ ಮುಚ್ಚಿ ಪಂಪ್ ಆನ್ ಬಿಟ್ಟರೆ ರೂಮಿನ ಸ್ಪ್ರೇಯನ್ನು ನಾವೇ ಪೈಪ್ ಹಾಕಿ ನೀರಿಗೆ ಬಿಟ್ಟ ಹಾಗೆ.

ಇನ್ನು ಡಬ್ಬಿ ಮೇಲಿನ ಬಣ್ಣದ ತ್ರಿಕೋನ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಅಂದರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ನೋಡಿದರೆ ಸೇಫ್ ಅಂದುಕೊಳ್ಳುತ್ತೇವೆ. ಆದ್ರೆ ಈ ಬಣ್ಣ ನಿರ್ಧಾರ ಆಗೋದು ಪ್ರಯೋಗದ ಪ್ರಾಣಿಗಳ ಬಾಯಿಗೆ, ಚರ್ಮಕ್ಕೆ ಎಷ್ಟು ವಿಷ ಅನ್ನೋದರ ಮೇಲೆ. ಇಲಿಯ ಲೆಕ್ಕ ಅದು, ಮೀನಿನದಲ್ಲ. ‘ನ್ಯಾಚುರಲ್’ ಅನ್ನೋ ಪದವೂ ಅಷ್ಟೇ. ಪೈರೆಥ್ರಮ್ ಬರೋದು ಸೇವಂತಿಗೆ ಜಾತಿಯ ಹೂವಿನಿಂದ, ಆದರೂ ಮೀನಿಗೆ ವಿಷವೇ.

‘ಒಂದು ಗಪ್ಪಿಗೆ ಇಷ್ಟೆಲ್ಲ ಯಾಕೋ, ಡೆಂಗ್ಯೂ ಬಂದರೆ?’ ಅಂತ ಕೇಳ್ತೀರಿ. ಪ್ರಶ್ನೆ ಸರಿಯಾಗೇ ಇದೆ. ಆದ್ರೆ ಸೊಳ್ಳೆ ಮರಿ ತಿನ್ನಲಿ ಅಂತ ಕರ್ನಾಟಕದ ಆರೋಗ್ಯ ಇಲಾಖೆ ಬಾವಿ, ಕೆರೆಗಳಿಗೆ ಬಿಟ್ಟಿದ್ದು ಇದೇ ಗಪ್ಪಿಯನ್ನು, ಅದರ ಜೊತೆ ಗ್ಯಾಂಬೂಸಿಯಾವನ್ನು. ಸೊಳ್ಳೆ ಓಡಿಸಲು ಹೊಡೆದ ವಿಷ ಸೊಳ್ಳೆ ತಿನ್ನೋ ಮೀನನ್ನೇ ಕೊಂದರೆ ಲಾಭ ಯಾರಿಗೆ? ಸೊಳ್ಳೆಗೇ.

ಟ್ಯಾಂಕ್‌ನಿಂದ ಹೊರಗೆ ಬಂದರೂ ಕಥೆ ಇದೇ. ಆಳಂದದ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತೆ. ಭೀಮೆ ಅಲ್ಲಿಂದ ಜೇವರ್ಗಿ ಕಡೆ ಹರಿಯುತ್ತೆ. ಮೂರು ತಾಲೂಕಿಗೂ ನೀರಿನ ದಾರಿ ಒಂದೇ. ಮೂರರಲ್ಲೂ ತೊಗರಿ ಇದೆ, 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ನಮ್ಮ ತೊಗರಿ. ಹೂವು ಬಿಟ್ಟಾಗ ಕಾಯಿಕೊರಕ ಹುಳ ಬೀಳುತ್ತೆ, ಎಣ್ಣಿ ಹೊಡೆಯದೆ ರೈತನಿಗೆ ಬೇರೆ ದಾರಿ ಕಾಣಲ್ಲ. ರೈತರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಗಿಡ ಅಲುಗಾಡಿಸಿ, ಕೆಳಗೆ ಬಟ್ಟೆ ಹಾಸಿ, ಹುಳ ಉದುರಿಸಿ ಬೆಳೆ ಉಳಿಸಿಕೊಂಡವರು ನಮ್ಮ ಜಿಲ್ಲೆಯವರೇ. ಆದ್ರೆ ಸಂಜೆ ಪಂಪನ್ನು ಹಳ್ಳದಲ್ಲಿ ತೊಳೆದರೆ? ಮೇಲಿನ ಹನಿಯ ಲೆಕ್ಕ ನೆನಪಿಸಿಕೊಳ್ಳಿ. ತೊಳೆದ ನೀರು, ಖಾಲಿ ಡಬ್ಬಿ ಪರಿಸರ ಕೆಡಿಸದ ಹಾಗೆ ವಿಲೇವಾರಿ ಆಗಬೇಕು ಅಂತ ಅದೇ 1971ರ ನಿಯಮದಲ್ಲಿದೆ. ಅದು ಹಳ್ಳದ ದಂಡೆಗೆ ತಲುಪಿಲ್ಲ, ಅಷ್ಟೇ.

ಯಾಕೆ ತಲುಪಿಲ್ಲ? ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೂ ಆ ಲೇಬಲ್ ಓದೋಕೆ ಫೋನ್ ಕ್ಯಾಮೆರಾ ಜೂಮ್ ಮಾಡಬೇಕಾಯಿತು. ಹತ್ತಾರು ಸಾಲು ಇರುವೆ ಗಾತ್ರದ ಅಕ್ಷರ. ಹೊಲದಲ್ಲಿ ನಿಂತವರು ಅದನ್ನು ಓದಲಿ ಅನ್ನೋದು ಅನ್ಯಾಯ.

ಹಾಸ್ಟೆಲ್‌ಗೆ ನನ್ನ ಬೇಡಿಕೆ ದೊಡ್ಡದಲ್ಲ. ನೋಟಿಸ್‌ನಲ್ಲಿ ರಾಸಾಯನಿಕದ ಹೆಸರು ಬರೆಯಿರಿ, ಎರಡು ದಿನ ಮುಂಚೆ ಹೇಳಿ. ಜಿರಳೆಗೆ ಆದಷ್ಟು ಸಂದಿಗೆ ಹಚ್ಚೋ ಜೆಲ್ ಬಳಸಿ, ಅದು ಗಾಳಿಯಲ್ಲಿ ಹರಡಲ್ಲ. ಮೀನು ಸಾಕಿರೋರು ಸ್ಪ್ರೇಗೆ ಮುಂಚೆ ಬೌಲ್ ಬೇರೆ ಕಡೆ ಇಡಿ. ದೊಡ್ಡ ಟ್ಯಾಂಕ್ ಆದರೆ ಪ್ಲಾಸ್ಟಿಕ್ ಹಾಕಿ ಬಿಗಿಯಾಗಿ ಮುಚ್ಚಿ, ಸ್ಪ್ರೇ ಹೊತ್ತಲ್ಲಿ ಪಂಪ್ ಆಫ್ ಮಾಡಿ, ಕಿಟಕಿ ತೆಗೆದು ಗಾಳಿಯಾಡಿದ ಮೇಲೆ ಬೇಗ ಆನ್ ಮಾಡಿ. ಮೀನಿಗೆ ಆಹಾರ ಹಾಕೋ ಮುಂಚೆ ಕೈ ಚೆನ್ನಾಗಿ ತೊಳೆಯಿರಿ.

ನಮ್ಮ ಕನ್ನಡ ಸಂಘಕ್ಕೂ ಒಂದು ಕೆಲಸ ಇದೆ. ನವೆಂಬರ್‌ನಲ್ಲಿ ನಾವು ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವಾಗ ತೊಗರಿ ಹೂವಿಗೆ ಎಣ್ಣಿ ಹೊಡೆಯೋ ಕಾಲ ನಡೀತಿರುತ್ತೆ. ಈ ವರ್ಷ ಒಂದು ಕಾರ್ಡ್ ಮಾಡೋಣ: ದೊಡ್ಡ ಅಕ್ಷರ, ನಮ್ಮ ಕಡೆಯ ಕನ್ನಡ, ‘ಎಣ್ಣಿ ಅಂದ್ರ ವಿಷ, ಪಂಪ್ ಹಳ್ಳದಾಗ ತೊಳಿಬ್ಯಾಡ್ರಿ’ ಅಂತ. ಆಳಂದ, ಅಫಜಲಪುರ, ಜೇವರ್ಗಿಯಿಂದ ಬರೋ ನಾವೆಲ್ಲ ದೀಪಾವಳಿ ರಜೆಗೆ ಹೋಗುವಾಗ ಹತ್ತತ್ತು ಒಯ್ದು ಊರಿನ ಗೊಬ್ಬರದ ಅಂಗಡಿಗಳಲ್ಲಿ ಅಂಟಿಸಿದರೆ ಸಾಕು. ಖರ್ಚು ಒಂದು ಫ್ಲೆಕ್ಸ್ ಬ್ಯಾನರ್‌ಗಿಂತ ಕಡಿಮೆ.